ಅಪ್ಪನ ಮಹಡಿ, ಅಮ್ಮನ ಅಡುಗೆಮನೆ, ಊರ ಬೀದಿ

ಕವಿ, ಭಾಷಾಶಾಸ್ತ್ರಜ್ಞ ಎ.ಕೆ. ರಾಮಾನುಜನ್ ಬೆಳೆದ ಮೈಸೂರಿನ ಮನೆಯಲ್ಲಿ ಒಂದೊಂದು ಭಾಷೆಗೂ ಅದರದೇ ಜಾಗವಿತ್ತು. ಮಹಡಿಯ ಮೇಲೆ ಗಣಿತ ಪ್ರಾಧ್ಯಾಪಕರಾದ ತಂದೆ ಕೃಷ್ಣಸ್ವಾಮಿಯವರ ಓದುವ ಕೋಣೆ, ಅಲ್ಲಿ ಇಂಗ್ಲಿಷ್. ಕೆಳಗೆ ಅಡುಗೆಮನೆಯಲ್ಲಿ ಅಯ್ಯಂಗಾರ್ ತಮಿಳು. ಬೀದಿಗಿಳಿದರೆ ಕನ್ನಡ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು ಎಂದು ನಾಲಿಗೆ ಹೊರಳಿಸುತ್ತಲೇ ಬದುಕುವ ಆಂಧ್ರದ ಆದೋನಿ ಸೀಮೆಯ ಕನ್ನಡಿಗರಿಗೆ ಇದರಲ್ಲಿ ಹೊಸತೇನೂ ಕಾಣದು. ಆದರೆ ರಾಮಾನುಜನ್ ಈ ಅನುಭವವನ್ನೇ ಶಾಸ್ತ್ರವಾಗಿಸಿದರು.

ತಂದೆಯನ್ನು ಅವರು ನೆನೆದದ್ದು 1989ರಲ್ಲಿ ಪ್ರಕಟವಾದ, ಭಾರತೀಯ ಚಿಂತನಕ್ರಮವನ್ನು ಕುರಿತ ಪ್ರಬಂಧದಲ್ಲಿ. ಪಂಚೆಯ ಮೇಲೆ ಇಂಗ್ಲಿಷ್ ಕೋಟು ತೊಡುತ್ತಿದ್ದ ಆ ವಿದ್ವಾಂಸರು ಖಗೋಳವನ್ನೂ ಬಲ್ಲರು, ಜಾತಕವನ್ನೂ ಬರೆಯಬಲ್ಲರು. ಗೀತೆಯನ್ನೂ ಓದುವರು, ತತ್ತ್ವಜ್ಞಾನಿ ರಸೆಲ್‌ನನ್ನೂ ಮೆಚ್ಚುವರು. ಮಗನಿಗೆ ಇದು ವಿರೋಧಾಭಾಸ. ತಂದೆಗೆ ಅದರಿಂದ ಯಾವ ಇಕ್ಕಟ್ಟೂ ಇರಲಿಲ್ಲ.

ರಾಮಾನುಜನ್ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರ ಕಲಿತು 1959ರಲ್ಲಿ ಅಮೆರಿಕಕ್ಕೆ ಹೋದರು. ಉತ್ಪಾದಕ ವ್ಯಾಕರಣದ ಹರಿಕಾರ ಚಾಮ್‌ಸ್ಕಿಯವರ ಮೊದಲ ಪುಸ್ತಕ ಬಂದ ಆರೇ ವರ್ಷಕ್ಕೆ, 1963ರಲ್ಲಿ, ಇಂಡಿಯಾನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ ಕನ್ನಡದ ಉತ್ಪಾದಕ ವ್ಯಾಕರಣ.

ಅವರ ಭಾಷಾಧ್ಯಯನದಲ್ಲಿ ಇಂದಿಗೂ ಕುತೂಹಲ ಕೆರಳಿಸುವುದು ಭಾಷಾಶಾಸ್ತ್ರಜ್ಞ ವಿಲಿಯಂ ಬ್ರೈಟ್ ಜೊತೆ 1964ರಲ್ಲಿ ಪ್ರಕಟಿಸಿದ ಲೇಖನ. ಜಾತಿಯಿಂದ ಜಾತಿಗೆ ಮಾತು ಬದಲಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಹೇಗೆ ಬದಲಾಗುತ್ತದೆ ಎಂದು ಇವರು ಕೇಳಿದರು. ತಮಿಳಿನಲ್ಲಿ ಬ್ರಾಹ್ಮಣರ ಮಾತು ಎರವಲು ಪದಗಳನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ. ಆಡುವವರ ಅರಿವಿಗೇ ಬಾರದೆ ನಡೆಯುವ ಧ್ವನಿ, ಪ್ರತ್ಯಯಗಳ ಬದಲಾವಣೆ ಉಳಿದವರ ಮಾತಿನಲ್ಲಿ ಹೆಚ್ಚು. ಇದಕ್ಕೆ ತಡೆ ಒಡ್ಡುವುದು ಅಕ್ಷರಾಭ್ಯಾಸವೇ ಎಂದು ಶಂಕಿಸಿ ಅವರು ತುಳುವಿನತ್ತ ತಿರುಗಿದರು. ಬರಹದ ಬಳಕೆ ಬೇರೂರದ ಆ ಭಾಷೆಯಲ್ಲಿ ಬ್ರಾಹ್ಮಣರ ಮಾತೂ ಇತರರ ಮಾತೂ ಅರಿವಿಲ್ಲದೆ ಬದಲಾಗಿದ್ದವು. ಶುದ್ಧ ಭಾಷೆಯ ಹೆಮ್ಮೆಗೆ ಇದಕ್ಕಿಂತ ಸೊಗಸಾದ ಉತ್ತರ ಸಿಗಲಾರದು: ಕಾಪಾಡಿದ್ದು ಕುಲವಲ್ಲ, ಓಲೆಗರಿ.

1993ರ ಜುಲೈ 13ರಂದು ಅವರು ಷಿಕಾಗೊದಲ್ಲಿ ತೀರಿಕೊಂಡರು. ಕಾಗದಪತ್ರಗಳು ಅವರು ಪಾಠ ಹೇಳಿದ ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದವು. ಫ್ರೆಂಚ್‌ನಲ್ಲಿ ಪಾಠ ಹೇಳಿ ಆಧುನಿಕ ಭಾಷಾಶಾಸ್ತ್ರಕ್ಕೆ ಬುನಾದಿ ಹಾಕಿದ ಸೊಸ್ಯೂರ್ ಜಗತ್ತಿಗೆ ದಕ್ಕಿದ್ದು ಅವರ ಮರಣಾನಂತರ, ಕೇಳುಗರ ಟಿಪ್ಪಣಿಗಳಿಂದ 1916ರಲ್ಲಿ ಸಿದ್ಧವಾದ ಗ್ರಂಥದ ಮೂಲಕ. ರಾಮಾನುಜನ್ ವಿಷಯದಲ್ಲಿ, ಬಿಟ್ಟುಹೋದದ್ದನ್ನು ಜಗತ್ತಿಗೆ ದಕ್ಕಿಸುವ ಹೊಣೆಯ ಒಂದು ಪಾಲು ಮಗ ಕೃಷ್ಣ ರಾಮಾನುಜನ್ ಅವರದಾಯಿತು. ವಿದ್ವಾಂಸ ಗಿಯೆರ್ಮೊ ರೊಡ್ರಿಗೆಸ್ ಜೊತೆಗೂಡಿ ಅವರು ತಂದೆಯ ದಿನಚರಿಗಳನ್ನು 2019ರಲ್ಲಿ ‘ಜರ್ನೀಸ್’ ಎಂಬ ಹೆಸರಿನಲ್ಲಿ ಹೊರತಂದರು.

ಕವಿಯನ್ನೂ ವಚನಗಳ ಅನುವಾದಕನನ್ನೂ ಕನ್ನಡ ಚೆನ್ನಾಗಿ ನೆನಪಿಟ್ಟುಕೊಂಡಿದೆ. ಅವರಿಬ್ಬರ ಕಿವಿಯನ್ನು ಹದಗೊಳಿಸಿದ ಭಾಷಾಶಾಸ್ತ್ರಜ್ಞನಿಗೆ ಸಲ್ಲಬೇಕಾದದ್ದು ಇನ್ನೂ ಬಾಕಿಯಿದೆ.