ಲಕೋಟೆಯ ತಲೆಬರಹವೂ ಹೊಸ ಲೈಬ್ರರಿಯೂ

ದಾವಣಗೆರೆಯಿಂದ ಹರಿಹರಕ್ಕೆ ಕಾಗದ ಬರೆಯುವವರು ಒಳಗಿನ ಒಕ್ಕಣೆಯನ್ನು ಎಷ್ಟೇ ಅಂದವಾಗಿ ಬರೆದಿರಲಿ, ಮೇಲ್ವಿಳಾಸದಲ್ಲಿ 577601 ಎಂದಿರಬೇಕಾದಲ್ಲಿ 577001 ಎಂದು ಬರೆದುಬಿಟ್ಟರೆ ಆ ಕಾಗದವು ದಾವಣಗೆರೆಯಲ್ಲಿಯೇ ಸುತ್ತುತ್ತಿರುವ ಸಂಭವವುಂಟು. 1972ನೆಯ ಇಸವಿಯಲ್ಲಿ ಪಿನ್ ಕೋಡು ಬಳಕೆಗೆ ಬಂದಂದಿನಿಂದ ಒಂದೇ ಅಂಕಿಯ ತಪ್ಪಿಗೆ ಇಷ್ಟು ಬಲವು ಬಂದಿದೆ. ಕಂಪ್ಯೂಟರುಗಳು ತಮ್ಮತಮ್ಮೊಳಗೆ ನಡೆಯಿಸುವ ಪತ್ರವ್ಯವಹಾರದ ಸಂಗತಿಯೂ ಇದೇ ಬಗೆಯದು. ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಏರ್ಪಾಡು, ಸಾಫ್ಟ್‌ವೇರ್ ಲೈಬ್ರರಿಯನ್ನು ಬದಲಾಯಿಸಿದ ಮರುದಿನವೇ ನಿಂತುಹೋದರೆ, ದೋಷವನ್ನು ಮೊದಲು ತಲೆಬರಹದಲ್ಲಿ ಹುಡುಕುವುದು ಯುಕ್ತವು. ಈ ವಿಷಯವನ್ನು ನಮ್ಮ ವಿದ್ಯಾರ್ಥಿನಿಯರಿಗೆ, ಅವರಲ್ಲಿಯೂ ಮುಂದೆ ಗಣಕಶಾಸ್ತ್ರವನ್ನು ಓದಬೇಕೆಂದಿರುವವರಿಗೆ, ತಿಳಿಯಹೇಳಬೇಕೆಂದು ಬಯಸಿದ್ದೇವೆ.

ಲೈಬ್ರರಿಯೆಂದರೆ ಇಲ್ಲಿ ಪುಸ್ತಕಭಂಡಾರವಲ್ಲ. ಅನ್ಯರು ಬರೆದು ಸಿದ್ಧಪಡಿಸಿಟ್ಟಿರುವ, ನಾವು ನಮ್ಮ ಪ್ರೋಗ್ರಾಮಿನೊಳಕ್ಕೆ ಸೇರಿಸಿಕೊಳ್ಳುವ ಸೂಚನೆಗಳ ಕಟ್ಟು. ದಾವಣಗೆರೆಯಲ್ಲೊಂದು ಆಸ್ಪತ್ರೆಯೂ ಹರಿಹರದಲ್ಲೊಂದು ಔಷಧದ ದಾಸ್ತಾನುಮಳಿಗೆಯೂ ಇರುವುವೆಂದು ಕಲ್ಪಿಸಿಕೊಳ್ಳೋಣ. ಇನ್ಸುಲಿನ್ ಮುಗಿಯುತ್ತ ಬಂದಾಗ ಆಸ್ಪತ್ರೆಯ ಕಂಪ್ಯೂಟರು ಮಳಿಗೆಯ ಕಂಪ್ಯೂಟರಿಗೆ ತಾನಾಗಿ ಬೇಡಿಕೆಯನ್ನು ಕಳುಹಿಸುವುದು. ಈ ಬೇಡಿಕೆಯು ಸೋಪ್ ಎಂಬ ಕ್ರಮದಲ್ಲಿ ಹೋಗುವುದೆನ್ನೋಣ. (ಮೈತೊಳೆಯುವ ಸಾಬೂನಿಗೂ ಇದಕ್ಕೂ ಯಾವ ನಂಟೂ ಇಲ್ಲ.) 1998ರಲ್ಲಿ ಡೇವ್ ವೈನರ್, ಡಾನ್ ಬಾಕ್ಸ್ ಮೊದಲಾದವರು ರೂಪಿಸಿದ ಈ ಕ್ರಮದಲ್ಲಿ ಪ್ರತಿಯೊಂದು ಸಂದೇಶಕ್ಕೂ ಒಂದು ಲಕೋಟೆ, ಲಕೋಟೆಯೊಳಗೆ ತಲೆಬರಹ, ಅದರ ಕೆಳಗೆ ಒಡಲು. ತಲೆಬರಹವಿಲ್ಲದೆಯೂ ನಡೆದೀತು; ಒಡಲು ಮಾತ್ರ ಇರಲೇಬೇಕು. ಔಷಧದ ಹೆಸರು, ಮೊತ್ತ ಇವೆಲ್ಲ ಒಡಲಿನಲ್ಲಿ. ಕಳುಹಿಸಿದವರು ಯಾರು, ಯಾವ ವೇಳೆಯಲ್ಲಿ ಬರೆದರು, ಉತ್ತರವು ಎಲ್ಲಿಗೆ ಬರತಕ್ಕದ್ದು ಎಂಬುವು ತಲೆಬರಹದಲ್ಲಿ.

ಇದರ ಹೊರಗೆ ಇನ್ನೊಂದು ತಲೆಬರಹವುಂಟು. ಸಂದೇಶವನ್ನು ಹೊತ್ತೊಯ್ಯುವ ಎಚ್.ಟಿ.ಟಿ.ಪಿ. ಎಂಬ ಟಪಾಲು ತನ್ನದೇ ಆದ ಸಾಲುಗಳನ್ನು ಲಕೋಟೆಯ ಹೊರಮೈಮೇಲೆ ಬರೆದುಕೊಳ್ಳುವುದು. ಹೊಸಬರು ಇವೆರಡನ್ನೂ ಒಂದೇ ಎಂದು ಬಗೆದು ದಿನಗಟ್ಟಲೆ ಹುಡುಕಾಡುವುದುಂಟು. ಸೋಪಿನ ಎರಡು ಆವೃತ್ತಿಗಳು ಭಿನ್ನವಾಗುವುದು ಇಲ್ಲಿಯೇ. 2000ದಲ್ಲಿ ಪ್ರಕಟವಾದ 1.1ನೆಯದರಲ್ಲಿ ಹೊರಗಿನ ಸಾಲು ‘ಟೆಕ್ಸ್ಟ್ ಎಕ್ಸ್.ಎಂ.ಎಲ್.’ ಎಂದಿದ್ದು, ಮಾಡಬೇಕಾದ ಕೆಲಸದ ಹೆಸರು ‘ಸೋಪ್ ಆಕ್ಷನ್’ ಎಂಬ ಪ್ರತ್ಯೇಕ ಸಾಲಿನಲ್ಲಿ ಬರುವುದು. 2003ರ 1.2ನೆಯದರಲ್ಲಿ ಅದು ‘ಅಪ್ಲಿಕೇಶನ್ ಸೋಪ್ ಎಕ್ಸ್.ಎಂ.ಎಲ್.’ ಎಂದು ಬದಲಾಗಿ, ಕೆಲಸದ ಹೆಸರು ಬೇಕೆಂದರೆ ಆ ಸಾಲಿಗೇ ಸೇರಿಕೊಳ್ಳುವುದು. ಲಕೋಟೆಯ ವಂಶನಾಮವೂ ಬೇರೆಯಾಗುವುದು. ಹೊಸ ಲೈಬ್ರರಿಯು ಯಾರನ್ನೂ ಕೇಳದೆ 1.2ನ್ನು ಹಿಡಿದರೆ, 1.1ನ್ನಷ್ಟೇ ಬಲ್ಲ ಮಳಿಗೆಯು 415 ಎಂಬ ಅಂಕಿಯನ್ನೊಪ್ಪಿಸಿ ಬಾಗಿಲಿನಲ್ಲಿಯೇ ತಿರುಗಿಸುವುದು, ಇಲ್ಲವೆ ‘ವರ್ಷನ್ ಮಿಸ್‌ಮ್ಯಾಚ್’ ಎಂದು ದೂರುವುದು. ಈ ರೋಗಕ್ಕೆ ಮದ್ದು ಸುಲಭ: ಯಾವ ಆವೃತ್ತಿಯೆಂಬುದನ್ನು ಲೈಬ್ರರಿಯ ಇಷ್ಟಕ್ಕೆ ಬಿಡದೆ ನಾವೇ ನಮೂದಿಸುವುದು.

ಇದಕ್ಕಿಂತ ತೊಡಕಾದದ್ದು ‘ಮಸ್ಟ್ ಅಂಡರ್‌ಸ್ಟ್ಯಾಂಡ್’ ಎಂಬ ಕಡ್ಡಾಯದ ಗುರುತು. ತಲೆಬರಹದ ಒಂದು ಭಾಗಕ್ಕೆ ಈ ಗುರುತಿದ್ದರೆ, ಆ ಭಾಗವು ಯಾರಿಗೆ ಉದ್ದೇಶಿತವೋ ಅವರು ಅದನ್ನು ಅರಿತು ನಡೆಯಬೇಕು. ಅರಿಯದಿದ್ದರೆ ಒಡಲನ್ನು ಮುಟ್ಟದೆ ದೋಷವನ್ನು ತಿಳಿಸಬೇಕು. ಭದ್ರತೆಯ ತಲೆಬರಹವು ಸಾಮಾನ್ಯವಾಗಿ ಈ ಗುರುತಿನೊಡನೆಯೇ ಬರುವುದು. ಅಪಾಚೆ ಸಿ.ಎಕ್ಸ್.ಎಫ್. ಮುಂತಾದ ಲೈಬ್ರರಿಗಳಲ್ಲಿ ಅದನ್ನು ಓದುವ ಭಾಗವು ಬೇರೆಯೇ ಕಟ್ಟಾಗಿರುವುದರಿಂದ, ಮುಖ್ಯ ಕಟ್ಟನ್ನು ಹೊಸದು ಮಾಡಿ ಇದನ್ನು ಮರೆತವರಿಗೆ ತಲೆಬರಹವು ತಿಳಿಯಲಿಲ್ಲವೆಂಬ ದೂರು ಬರುವುದು ಸಹಜ. ಜಾವಾದಲ್ಲಿ ಇನ್ನೊಂದು ಗೊಂದಲವೂ ಉಂಟು. 2018ರ ಜಾವಾ 11ರಲ್ಲಿ ಈ ಸೇವೆಗಳ ಉಪಕರಣವನ್ನೇ ತೆಗೆದುಹಾಕಿದರು. 2020ರಲ್ಲಿ ‘ಜಾವಾಎಕ್ಸ್’ ಎಂಬ ಮನೆತನದ ಹೆಸರು ‘ಜಕಾರ್ತಾ’ ಎಂದಾಯಿತು. ಹಳೆಯ ಹೆಸರಿನಲ್ಲಿ ಅಂಟಿಸಿದ ಚೀಟಿಯನ್ನು ಹೊಸ ಲೈಬ್ರರಿಯು ಕಣ್ಣೆತ್ತಿಯೂ ನೋಡದು. ಹಳೆಯ ಕಟ್ಟೊಂದು ಮೂಲೆಯಲ್ಲಿ ಉಳಿದಿದ್ದರೆ ಪ್ರೋಗ್ರಾಮು ತಕರಾರಿಲ್ಲದೆ ಸಿದ್ಧವಾಗುವುದು, ಓಡುವುದು. ತಲೆಬರಹವು ಮಾತ್ರ ಸದ್ದಿಲ್ಲದೆ ಕಾಣೆಯಾಗುವುದು. ಕೂಗಿ ಹೇಳುವ ದೋಷಕ್ಕಿಂತ ಈ ಮೌನದ ದೋಷವನ್ನೇ ನಾವು ಹೆಚ್ಚು ಕೆಟ್ಟದ್ದೆಂದು ಎಣಿಸುತ್ತೇವೆ. ಮೇವನ್ ಬಳಸುವವರು ಅವಲಂಬನೆಗಳ ವೃಕ್ಷವನ್ನು ಬರೆಯಿಸಿ, ಒಂದೇ ಲೈಬ್ರರಿಯು ಎರಡು ರೂಪದಲ್ಲಿ ಇದೆಯೇ ಎಂದು ನೋಡತಕ್ಕದ್ದು.

ವೇಳೆಯ ಮುದ್ರೆಯ ವಿಚಾರವೂ ಇದೆ. ಭದ್ರತೆಯ ತಲೆಬರಹದಲ್ಲಿ ಬರೆದ ವೇಳೆ, ಮುಗಿಯುವ ವೇಳೆಗಳನ್ನು ಸಾರ್ವತ್ರಿಕ ಕಾಲಮಾನದಲ್ಲಿ ಕೊಡುವುದು ವಾಡಿಕೆ. ನಮ್ಮ ಗಡಿಯಾರವು ಅದಕ್ಕಿಂತ ಐದೂವರೆ ಗಂಟೆ ಮುಂದು. ಯಾರಾದರೂ ನಮ್ಮ ವೇಳೆಯನ್ನೇ ಬರೆದು ಅದನ್ನು ಸಾರ್ವತ್ರಿಕವೆಂದು ಗುರುತಿಸಿದರೆ, ಸಂದೇಶವು ಇನ್ನೂ ಹುಟ್ಟಿಯೇ ಇಲ್ಲವೆಂದು ಮಳಿಗೆಯು ಬಗೆಯುವುದು. ಡಬ್ಲ್ಯು.ಎಸ್.ಎಸ್. ಫೋರ್ ಜೆ ಎಂಬ ಲೈಬ್ರರಿಯು, ಬೇರೆ ಹೇಳದಿದ್ದರೆ, ಹಳೆಯದಕ್ಕೆ 300 ಸೆಕೆಂಡುಗಳನ್ನೂ ಮುಂದಿನದಕ್ಕೆ 60 ಸೆಕೆಂಡುಗಳನ್ನೂ ಮಾತ್ರ ಸಹಿಸುವುದು.

ಪರೀಕ್ಷಿಸುವ ವಿಧಾನವು ಇಂತು. ಹಳೆಯ ಲೈಬ್ರರಿಯು ಕಳುಹಿಸಿದ ಒಂದು ಸಂದೇಶವನ್ನೂ ಹೊಸದು ಕಳುಹಿಸಿದ ಇನ್ನೊಂದನ್ನೂ ಹೊರಗಿನ ಸಾಲುಗಳ ಸಮೇತ ಹಿಡಿದಿಟ್ಟು ಅಕ್ಕಪಕ್ಕದಲ್ಲಿಟ್ಟು ಓದಬೇಕು. ಇದಕ್ಕಾಗಿ ಲೈಬ್ರರಿಯನ್ನು ಬದಲಾಯಿಸುವುದಕ್ಕೆ ಮೊದಲೇ ಹಳೆಯದರ ನಕಲನ್ನು ತೆಗೆದಿಡುವುದು ಜಾಣತನ. ಬಳಿಕ ಸೋಪ್ ಯು.ಐ. ಎಂಬ ಉಪಕರಣದಿಂದ ಹಳೆಯದನ್ನು ಕೈಯಾರೆ ಕಳುಹಿಸಿ ನೋಡಬೇಕು. ಅದು ಸ್ವೀಕೃತವಾದರೆ ದೋಷವು ನಮ್ಮ ಕಡೆಯದು. ಸ್ವೀಕೃತವಾಗದಿದ್ದರೆ ಹರಿಹರದವರನ್ನು ದೂರಲು ಅವಸರಪಡಬಾರದು; ವೇಳೆಯ ಮುದ್ರೆಯುಳ್ಳ ಹಳೆಯ ಸಂದೇಶವು ಅವಧಿ ಮೀರಿದ್ದಕ್ಕಾಗಿಯೇ ತಿರುಗಿ ಬಂದಿರಬಹುದು. ಸಹಿಯುಳ್ಳ ಸಂದೇಶವಾದರಂತೂ ಅಂದಕ್ಕಾಗಿ ಸಾಲುಗಳನ್ನು ಜೋಡಿಸಿದರೂ ಸಹಿಯು ಕೆಡುವ ಸಂಭವವುಂಟು. ತಿದ್ದುವಾಗ ಒಂದು ಸಲಕ್ಕೆ ಒಂದನ್ನೇ ತಿದ್ದತಕ್ಕದ್ದು.

ಕಡ್ಡಾಯದ ಗುರುತನ್ನು ಕಿತ್ತುಹಾಕಿದರೆ, ವೇಳೆಯ ತಪಾಸಣೆಯನ್ನು ನಿಲ್ಲಿಸಿದರೆ, ಕೆಲಸವು ಕೂಡಲೆ ಸಾಗುವುದು ನಿಜ. ವಾರ್ಡಿನಲ್ಲಿ ರೋಗಿಗಳು ಕಾದಿರುವಾಗ ಹಾಗೆ ಮಾಡಲು ಮನಸ್ಸು ಎಳೆಯುವುದೂ ಸಹಜವೇ. ಆದರೆ ಬೇಡಿಕೆಯು ನಿಜವಾಗಿ ಆಸ್ಪತ್ರೆಯದೇ ಎಂದು ಮಳಿಗೆಗೆ ತೋರಿಸುವುದು ಆ ತಲೆಬರಹವೇ. ಅದನ್ನು ನೋಡದೆ ಒಡಲನ್ನು ನಂಬಿದರೆ ಯಾರು ಬೇಕಾದರೂ ಔಷಧವನ್ನು ತರಿಸಿಕೊಂಡಾರು. ಅಂಥ ಹೊತ್ತಿನಲ್ಲಿ ಹಳೆಯ ಲೈಬ್ರರಿಗೆ ತಾತ್ಕಾಲಿಕವಾಗಿ ಹಿಂತಿರುಗಿ, ಬೇಡಿಕೆಯನ್ನು ದೂರವಾಣಿಯಲ್ಲಿಯೂ ತಿಳಿಸಿ, ದೋಷವನ್ನು ಬಿಡುವಿನಲ್ಲಿ ಹುಡುಕುವುದೇ ಮೇಲು.

ಹಿಡಿದಿಟ್ಟ ಸಂದೇಶಗಳನ್ನು ಮಳಿಗೆಯವರ ಅವಗಾಹನೆಗೆ ಕಳುಹಿಸುವ ಮೊದಲು ಅದರಲ್ಲಿರುವ ಸಂಕೇತಪದವನ್ನು ಅಳಿಸತಕ್ಕದ್ದು. ಅಳಿಸಿದ ಸ್ಥಳದಲ್ಲಿ ‘ಅಳಿಸಿದೆ’ ಎಂದು ಕಾಣಿಸತಕ್ಕದ್ದು. ಇಲ್ಲವಾದರೆ ಸಂಕೇತಪದವನ್ನೇ ಕಳುಹಿಸಿಲ್ಲವೆಂದು ತಿಳಿದು ಅವರು ಬೇರೊಂದು ದಾರಿ ಹಿಡಿದಾರು.