ಲಾಭದಂತೆ ತೋರುವ ನಷ್ಟ

ಲಾಭ, ನಷ್ಟ, ಸೋಡಿ ಎಂಬ ಶಬ್ದಗಳು ಕಿವಿಗೆ ಬಿದ್ದೊಡನೆ ಅನೇಕ ವಿದ್ಯಾರ್ಥಿಗಳು ಸೂತ್ರಗಳನ್ನು ಬಾಯಿಪಾಠ ಮಾಡತೊಡಗುತ್ತಾರೆ. ಆದರೆ ಈ ಲೆಕ್ಕಗಳು ತಪ್ಪುವುದು ಬಹುಮಟ್ಟಿಗೆ ಸೂತ್ರವನ್ನು ಮರೆತುದರಿಂದಲ್ಲ. ಶೇಕಡಾ ಪ್ರಮಾಣವನ್ನು ಯಾವ ಮೊತ್ತದ ಮೇಲೆ ಎಣಿಸಬೇಕೆಂಬುದನ್ನು ಗಮನಿಸದೆ ಇರುವುದರಿಂದ. ಇದಕ್ಕೆ ನಮ್ಮ ನಾಡಿನ ಚರಿತ್ರೆಯೇ ಒಂದು ನಿದರ್ಶನವನ್ನು ಒದಗಿಸುತ್ತದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದಿನ ಆಡಳಿತಕ್ಕೆ ಒಳಪಟ್ಟಿದ್ದವು. ಅಲ್ಲಿ ‘ಹಾಲಿ ಸಿಕ್ಕಾ’ ಎಂಬ ಪ್ರತ್ಯೇಕ ನಾಣ್ಯವಿತ್ತು. ಸ್ವಾತಂತ್ರ್ಯಪೂರ್ವದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನೆರೆಯ ಗದಗಿನಲ್ಲಾದರೋ ಬ್ರಿಟಿಷ್ ಭಾರತದ ‘ಕಲದಾರ’ ರೂಪಾಯಿ ನಡೆಯುತ್ತಿತ್ತು. 1959ರಲ್ಲಿ ಹಾಲಿ ನಾಣ್ಯವು ಚಲಾವಣೆಯಿಂದ ಮರೆಯಾದಾಗ 7 ಹಾಲಿ ರೂಪಾಯಿಗಳಿಗೆ 6 ಭಾರತದ ರೂಪಾಯಿಗಳೆಂಬ ದರವಿತ್ತು. ಈ ದರವನ್ನೇ ನಾವು ಲೆಕ್ಕಕ್ಕೆ ತೆಗೆದುಕೊಳ್ಳೋಣ.

ವರ್ತಕನೊಬ್ಬನು ಗದಗಿನಲ್ಲಿ 600 ಕಲದಾರ ರೂಪಾಯಿಗೆ ಸರಕನ್ನು ಕೊಂಡು, ಕೊಪ್ಪಳದಲ್ಲಿ 660 ಹಾಲಿ ರೂಪಾಯಿಗೆ ಮಾರಿದನೆನ್ನಿ. ಅಂಕೆಗಳನ್ನು ಮಾತ್ರ ನೋಡಿದರೆ ಶೇಕಡಾ 10 ಲಾಭ! ಆದರೆ 600 ಕಲದಾರಕ್ಕೆ 700 ಹಾಲಿ ಸಮನಲ್ಲವೆ? ಆದುದರಿಂದ ಅವನಿಗೆ ಆದುದು 40 ಹಾಲಿ ನಷ್ಟ. ಅಂದರೆ ಕೊಂಡ ಬೆಲೆಯ ಮೇಲೆ ಶೇಕಡಾ 5 5/7. ಎರಡು ಬೆಲೆಗಳನ್ನೂ ಒಂದೇ ಮಾನಕ್ಕೆ ತರಬೇಕೆಂಬುದು ಇಲ್ಲಿಯ ಮೊದಲನೆಯ ಪಾಠ.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಹಾಲಿಯಿಂದ ಕಲದಾರಕ್ಕೆ ಬಂದರೆ ಸಂಖ್ಯೆಯು ಏಳರಲ್ಲಿ ಒಂದು ಪಾಲು, ಎಂದರೆ ಶೇಕಡಾ 14 2/7 ಇಳಿಯುತ್ತದೆ. ಕಲದಾರದಿಂದ ಹಾಲಿಗೆ ಹೋದರೆ ಆರರಲ್ಲಿ ಒಂದು ಪಾಲು, ಎಂದರೆ ಶೇಕಡಾ 16 2/3 ಏರುತ್ತದೆ. ಅಂತರ ಒಂದೇ, ಆಧಾರ ಬೇರೆಯಾದುದರಿಂದ ಶೇಕಡಾ ಬೇರೆಯಾಯಿತು.

ಸೋಡಿಯ ಗುಟ್ಟೂ ಇದೇ. ಕುಷ್ಟಗಿಯ ಅಂಗಡಿಯವನೊಬ್ಬನು 800 ರೂಪಾಯಿಯ ಸೀರೆಗೆ ಶೇಕಡಾ 25 ಏರಿಸಿ 1000 ಎಂದು ಬೆಲೆ ಬರೆದು, ಬಳಿಕ ಶೇಕಡಾ 25 ಸೋಡಿ ಬಿಟ್ಟರೆ ಕೈಗೆ ಬರುವುದು 750 ಮಾತ್ರ. ಏರಿಕೆಯನ್ನು 800ರ ಮೇಲೆ ಎಣಿಸಿದೆವು, ಇಳಿಕೆಯನ್ನು 1000ದ ಮೇಲೆ. ನಷ್ಟ ಶೇಕಡಾ 6¼. ಅಸಲು ಉಳಿಯಬೇಕಾದರೆ ಅವನು ಶೇಕಡಾ 20ಕ್ಕಿಂತ ಹೆಚ್ಚು ಸೋಡಿ ಕೊಡಲಾಗದು.

ಈಗ ವಾಚಕರೇ ಒಂದು ಲೆಕ್ಕವನ್ನು ಬಿಡಿಸಬಹುದು. ಗಂಗಾವತಿಯ ವ್ಯಾಪಾರಿಯೊಬ್ಬನು ಎರಡು ಮೂಟೆ ಅಕ್ಕಿಯನ್ನು ತಲಾ 1200 ರೂಪಾಯಿಗೆ ಮಾರಿದನು. ಒಂದರಲ್ಲಿ ಶೇಕಡಾ 20 ಲಾಭ, ಇನ್ನೊಂದರಲ್ಲಿ ಶೇಕಡಾ 20 ನಷ್ಟ. ಲಾಭನಷ್ಟಗಳು ಸರಿಹೋದವೆ? ಇಲ್ಲ. ಕೊಂಡ ಬೆಲೆಗಳು ಕ್ರಮವಾಗಿ 1000 ಮತ್ತು 1500, ಒಟ್ಟು 2500. ಬಂದುದು 2400. ನಷ್ಟ ಶೇಕಡಾ 4. ಶೇಕಡಾ ಎಂಬ ಮಾತು ಬಂದಾಗಲೆಲ್ಲ ‘ಯಾವುದರ ಮೇಲೆ?’ ಎಂದು ಮೊದಲು ಕೇಳಿಕೊಳ್ಳುವ ವಿದ್ಯಾರ್ಥಿಯು ಪರೀಕ್ಷೆಯಲ್ಲಿಯೂ ಪೇಟೆಯಲ್ಲಿಯೂ ಮೋಸಹೋಗಲಾರನು.