ಬೆನ್ನಿಗೆ ಹಿತ್ತಾಳೆ ನಕ್ಷತ್ರ

ಅಂಗೈಯಗಲದ ಮರದ ಗಾಲಿ. ಮಗುಚಿ ಹಾಕಿದರೆ ಬೆನ್ನಿಗೆ ಹಿತ್ತಾಳೆಯ ನಕ್ಷತ್ರ. ಗಾಳದ ಹಳೆಯ ಕಟ್ಟಿಗೆ ರೀಲುಗಳನ್ನು ಹುಡುಕಿ ತಂದು ರಿಪೇರಿ ಮಾಡುವ ಹವ್ಯಾಸಿಗಳು ಮೊದಲು ಸವರಿ ನೋಡುವುದೇ ಇದನ್ನು. ನಕ್ಷತ್ರವನ್ನು ಅಂದಕ್ಕೆಂದು ಬಡಿದದ್ದಲ್ಲ. ವಾಲ್‌ನಟ್ ಮರದ ಬಿಲ್ಲೆ ನೀರು ಕುಡಿದು ಸೊಟ್ಟಗಾಗಬಾರದೆಂದು ಹಾಕಿದ ಕಟ್ಟು ಅದು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಏರಿಸುವ ನಮ್ಮ ಜಿಲ್ಲೆಯ ಸಿಂದಗಿ, ಮುದ್ದೇಬಿಹಾಳದ ಬಡಿಗೇರರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ.

ಈ ರೀಲಿನ ತವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಂ. ಲೇಸ್ ನೇಯುವ ಊರು, ಪಕ್ಕದಲ್ಲೇ ಟ್ರೆಂಟ್ ನದಿ. ನೂಲು ಸುತ್ತುವ ಮರದ ಉರುಳೆಯೇ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಗಾಳದ ಕೋಲಿಗೆ ಏರಿತು ಎಂಬ ಮಾತು ರೂಢಿಯಲ್ಲಿದೆ. 1891ರಲ್ಲಿ ಹಾರ್ಡಿ ಕಂಪನಿಯ ಲೋಹದ ‘ಪರ್ಫೆಕ್ಟ್’ ಬಂತು, 1905ರಲ್ಲಿ ಇಲ್ಲಿಂಗ್‌ವರ್ತ್ ಎಂಬಾತ ಉರುಳೆ ತಿರುಗದ ರೀಲನ್ನೇ ತಂದ. ಮರದ್ದು ನಿಧಾನಕ್ಕೆ ಮೂಲೆಗೆ ಸರಿಯಿತು.

ರಿಪೇರಿಗೆ ಬೇಕಾದದ್ದು ತಾಳ್ಮೆ. ಒಳಗಿನ ಉಕ್ಕಿನ ಕಡ್ಡಿ ತುಕ್ಕು ಹಿಡಿದು ಬಿಗಿದಿರುತ್ತದೆ. ಪಕ್ಕಡ ಹಾಕಿ ಎಳೆದರೆ ಮರ ಸೀಳುತ್ತದೆ. ಎರಡು ಹನಿ ಎಣ್ಣೆ ಬಿಟ್ಟು ಸುಮ್ಮನಿರಬೇಕು, ಮರುದಿನ ಮತ್ತೆ ಎರಡು ಹನಿ. ಹಿತ್ತಾಳೆಯ ಸ್ಕ್ರೂಗಳ ಗೀರಿಗೆ ಸರಿಯಾಗಿ ಕೂಡುವ ತಿರುಪುಳಿಯನ್ನೇ ಬಳಸಬೇಕು, ಇಲ್ಲದಿದ್ದರೆ ತುಟಿ ಕಿತ್ತು ಹೋಗುತ್ತದೆ. ಕೊಳೆ ತೆಗೆಯಲು ಟರ್ಪೆಂಟೈನ್ ಅದ್ದಿದ ಅರಿವೆ ಸಾಕು. ಮರಳುಕಾಗದ ಮುಟ್ಟಿಸುವಂತಿಲ್ಲ, ಮಾಡಿದವರ ಮುದ್ರೆಯೇ ಅಳಿಸಿಬಿಡುತ್ತದೆ. ಒದ್ದೆಯಾಗಿ ಉಬ್ಬಿದ ಮರ ನೆರಳಲ್ಲೇ ಒಣಗಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಇಟ್ಟಿರೋ, ಬಿರುಕು ಖಂಡಿತ. ಕೊನೆಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ತೆಳು ಲೇಪ. ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿ ಫಳಫಳ ಮಾಡುವ ಆಸೆ ಯಾರಿಗಾದರೂ ಬರುತ್ತದೆ. ಸಂಗ್ರಾಹಕರು ಅದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆ ಮಬ್ಬು ಬಣ್ಣ ಬರಲು ನೂರು ವರ್ಷ ಹಿಡಿದಿದೆ.

ಇಂಡಿ, ಸಿಂದಗಿಯಲ್ಲಿ ಕೂತು ಇದನ್ನೆಲ್ಲ ಯಾಕೆ ಓದಬೇಕು? ನಮ್ಮಲ್ಲಿ ಮೀನುಗಾರಿಕೆಯೆಂದರೆ ಬಲೆ, ತೆಪ್ಪ. ಗಾಳ ಹಾಕಿದರೂ ಬಿದಿರ ಕೋಲಿಗೆ ನೈಲಾನ್ ದಾರ. ರೀಲು ದೊರೆಗಳ ಸಾಮಾನು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಗಾಳದ ಬೇಟೆಯ ಬಗ್ಗೆ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಅವರೆಲ್ಲ ಬೆನ್ನು ಹತ್ತಿದ್ದು ಮಹಶೀರ್ ಮೀನನ್ನು. ದಖ್ಖನ್ನಿನ ಮಹಶೀರ್‌ಗೆ ಶಾಸ್ತ್ರೀಯ ಹೆಸರು ಸಿಕ್ಕಿದ್ದು ಮಾತ್ರ ನಮ್ಮದೇ ನೀರಿನಲ್ಲಿ. ಕರ್ನಲ್ ಸೈಕ್ಸ್ 1839ರಲ್ಲಿ ‘ಖುಡ್ರಿ’ ಎಂದು ದಾಖಲಿಸಿದ ಮೀನು ಪುಣೆಯ ಮುಳಾ-ಮುಠಾ ಹೊಳೆಯದು. ಆ ಹೊಳೆ ಸೇರುವುದು ಭೀಮೆಯನ್ನು, ಭೀಮೆ ಹರಿಯುವುದು ಇಂಡಿ, ಸಿಂದಗಿಯ ಅಂಚಿನಲ್ಲಿ.

ಮುಂದಿನ ಕಥೆ ವಿಚಿತ್ರ. ಮೈಸೂರಿನ ವ್ಯಾನ್ ಇಂಗೆನ್ ಎಂಬವರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಅದು ಕಾವೇರಿ ಕೊಳ್ಳಕ್ಕಷ್ಟೇ ಸೇರಿದ ಗೂನುಬೆನ್ನಿನ ಜಾತಿ. 1970ರ ದಶಕದಿಂದ ಲೋಣಾವಳದ ಟಾಟಾ ಮರಿಕೇಂದ್ರದಲ್ಲಿ ಬೆಳೆಸಿದ ಖುಡ್ರಿ ಮರಿಗಳು ಹಲವು ನದಿಗಳಿಗೆ ಹೋದವು, ಕಾವೇರಿಗೂ ಬಂದವು. ಬಂದ ನೆಂಟರು ಅಲ್ಲೇ ತಳವೂರಿ ಮನೆಯವರನ್ನು ಬದಿಗೊತ್ತಿದರು ಎನ್ನುತ್ತಾರೆ ಸಂಶೋಧಕರು. ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ತೀರ ಅಂಚಿಗೆ ಬಂದ ಜೀವಿಗಳ ಪಟ್ಟಿ ಸೇರಿತು.

ಇತ್ತ ಭೀಮೆಗೆ ಮೇಲೆ ಉಜ್ಜನಿ ಅಣೆಕಟ್ಟು, ಕೆಳಗೆ ಒಂದರ ಹಿಂದೊಂದು ಬ್ಯಾರೇಜು. ಮೊಟ್ಟೆಯಿಡಲು ಹರಿವಿಗೆದುರಾಗಿ ಏರುವ ಮೀನಿಗೆ ದಾರಿಯೆಲ್ಲಿ? ಬಸವನ ಬಾಗೇವಾಡಿ ಕಡೆಯವರಿಗೆ ಆಲಮಟ್ಟಿಯ ಹಿನ್ನೀರಿದೆ. ಅಲ್ಲಿ ಬಿತ್ತುವುದು ಕಟ್ಲಾ, ರೋಹು, ಮೃಗಾಲ. ಮೂರೂ ಗಂಗೆಯ ಬಯಲಿನವು. ಹೊಟ್ಟೆಪಾಡಿಗೆ ಅವು ಬೇಕು, ನಿಜ. ಆದರೂ ಜಿಲ್ಲೆಯ ಯಾವುದಾದರೂ ಮರಿಕೇಂದ್ರದಲ್ಲಿ ಒಂದು ತೊಟ್ಟಿ ಖುಡ್ರಿಗೆ ಮೀಸಲಾದರೆ, ಬಡಿಗೇರರ ಓಣಿಯಲ್ಲಿ ಒಂದು ಜಾಲಿ ಮರದ ರೀಲು ಮಾಡಿಸಲು ನನಗೂ ಒಂದು ನೆವ ಸಿಕ್ಕೀತು.